ಹೊನ್ನಗಣಿಯ ಪತ್ತೇದಾರರು

ಕನ್ನಡದ ಓದುಗರಲ್ಲಿ ಒಂದು ತಲೆಮಾರಿನವರಿಗೆ ಪುಸ್ತಕದ ರುಚಿಯನ್ನು ಹತ್ತಿಸಿದ್ದು ಮಹಾಕಾವ್ಯವೂ ಅಲ್ಲ, ಪಠ್ಯಪುಸ್ತಕವೂ ಅಲ್ಲ. ಬಸ್ ನಿಲ್ದಾಣದ ಅಂಗಡಿಯಲ್ಲಿ ತೂಗಾಡುತ್ತಿದ್ದ, ಬಾಡಿಗೆ ಪುಸ್ತಕದಂಗಡಿಯಲ್ಲಿ ಕೈಯಿಂದ ಕೈಗೆ ಸಾಗಿ ಅಂಚು ಸವೆದಿದ್ದ ಪತ್ತೇದಾರಿ ಕಾದಂಬರಿ. 1952ರಲ್ಲಿ ‘ಪತ್ತೇದಾರ ಪುರುಷೋತ್ತಮ’ನ ಮೂಲಕ ಕಾದಂಬರಿಕಾರರಾಗಿ ಕಾಣಿಸಿಕೊಂಡ ಎನ್. ನರಸಿಂಹಯ್ಯನವರು, ಶಾಲೆಯ ವಿದ್ಯಾಭ್ಯಾಸವು ಎಳವೆಯಲ್ಲಿಯೇ ನಿಂತುಹೋಗಿದ್ದರೂ, ಐನೂರಕ್ಕೂ ಮಿಕ್ಕ ಕಾದಂಬರಿಗಳನ್ನು ಬರೆದು, ಪುಸ್ತಕವೆಂದರೆ ದೂರ ಸರಿಯುತ್ತಿದ್ದ ಜನಸಾಮಾನ್ಯರನ್ನು ಓದುಗರನ್ನಾಗಿ ಮಾಡಿದರು. ಹಳದಿ ಕೆಂಪು ಬಣ್ಣಗಳ ಕನ್ನಡ ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರೂ ಈ ಪ್ರಕಾರದಲ್ಲಿ ಹೇರಳವಾಗಿ ಬರೆದವರು. ಪಂಡಿತಮಂಡಲಿಯು ಈ ಸಾಹಿತ್ಯವನ್ನು ಬಹುಕಾಲ ಹೊಸ್ತಿಲಿನಿಂದ ಆಚೆಗೇ ನಿಲ್ಲಿಸಿತಾದರೂ, ಕುರುಹಿನಿಂದ ಕಾರಣಕ್ಕೆ, ಕಾರಣದಿಂದ ಸತ್ಯಕ್ಕೆ ಹೆಜ್ಜೆಹೆಜ್ಜೆಯಾಗಿ ನಡೆಯುವ ವಿವೇಕವನ್ನು ಅದು ಸಾವಿರಾರು ಮಂದಿಗೆ ಸದ್ದಿಲ್ಲದೆ ಕಲಿಸಿತೆಂಬುದನ್ನು ಅಲ್ಲಗಳೆಯಲಾಗದು.

ಲೋಕದ ಜನಪ್ರಿಯ ಸಾಹಿತ್ಯದಲ್ಲಿ ಈ ಕಥೆಗಳದೇ ಒಂದು ಕವಲು, ಅಪರಾಧಿಗಳ ಬೇಟೆಯನ್ನೂ ಮರೆತುಹೋದ ಯಾವುದೋ ಪ್ರಾಚೀನ ನಾಗರಿಕತೆಯ ಅನ್ವೇಷಣೆಯನ್ನೂ ಒಂದೇ ಹೆಣಿಗೆಯಲ್ಲಿ ತರುತ್ತದೆ. ನೆಲದಡಿಯಲ್ಲಿ ಹೊನ್ನು, ಗುಹೆಯ ಬಂಡೆಯ ಮೇಲೆ ಯಾರಿಗೂ ಓದಲು ಬಾರದ ಲಿಪಿ, ದೋಚಲು ಹೊಂಚುಹಾಕುವ ದುಷ್ಟಕೂಟ, ಅದರ ಬೆನ್ನುಹತ್ತುವ ಧೀರ: ಇವಿಷ್ಟು ಇದ್ದರೆ ಕಥೆ ಸಿದ್ಧ. ಹೆನ್ರಿ ರೈಡರ್ ಹ್ಯಾಗರ್ಡ್ 1885ರಲ್ಲಿ ಪ್ರಕಟಿಸಿದ ‘ಕಿಂಗ್ ಸಾಲೊಮನ್ಸ್ ಮೈನ್ಸ್’ ಎಂಬ ಇಂಗ್ಲಿಷ್ ಕಾದಂಬರಿಯು ಈ ಬಗೆಯ ಸಾಹಸಕಥೆಗಳಿಗೆ ಅಚ್ಚನ್ನು ಹಾಕಿಕೊಟ್ಟಿತು. ಇಂಥ ಕಥೆಗಳಲ್ಲಿ ಕುತೂಹಲವನ್ನು ಕೆರಳಿಸುವ ಶಕ್ತಿ ಎಷ್ಟಿದೆಯೋ, ಸತ್ಯವನ್ನು ಮರೆಮಾಡುವ ಅಪಾಯವೂ ಅಷ್ಟೇ ಇದೆ. ಆಫ್ರಿಕಾ ಖಂಡದ ಗ್ರೇಟ್ ಜಿಂಬಾಬ್ವೆಯ ಭವ್ಯವಾದ ಕಲ್ಗೋಡೆಗಳನ್ನು ಕಂಡ ಅಂದಿನ ಯೂರೋಪಿಯನ್ನರು, ಅವನ್ನು ಫಿನೀಷಿಯನ್ನರೋ ಶೀಬಾ ರಾಣಿಯ ಕಡೆಯವರೋ ಕಟ್ಟಿರಬೇಕೆಂದು ನಂಬಿದರೇ ಹೊರತು, ಕಣ್ಣೆದುರಿಗಿದ್ದ ಜನರ ಪೂರ್ವಿಕರ ಕೈಕೆಲಸವೆಂದು ಒಪ್ಪಲು ಮನಸ್ಸು ಮಾಡಲಿಲ್ಲ. 1905ರಲ್ಲಿ ರ್‍ಯಾಂಡಲ್ ಮ್ಯಾಕೈವರ್, 1929ರಲ್ಲಿ ಗರ್ಟ್ರೂಡ್ ಕೇಟನ್ ಥಾಂಪ್ಸನ್ ಇವರು ಉತ್ಖನನದ ಆಧಾರದಿಂದ ಆ ಭ್ರಮೆಯನ್ನು ಹರಿದರು.

ಹೀಗೆ ಕಥೆಗಾರರು ದೂರದ ಖಂಡಗಳಲ್ಲಿ ಕಲ್ಪಿಸಿಕೊಂಡ ಹೊನ್ನು, ಗುಹೆ, ನಿಗೂಢಲಿಪಿ ಇವೆಲ್ಲವೂ ನಮ್ಮ ರಾಯಚೂರು ಜಿಲ್ಲೆಯಲ್ಲಿ, ಕೃಷ್ಣಾ ತುಂಗಭದ್ರೆಯರ ನಡುವಣ ದೋಆಬಿನಲ್ಲಿ, ಹಟ್ಟಿ ಮಸ್ಕಿಗಳ ಆಸುಪಾಸಿನಲ್ಲಿಯೇ ನಿಜವಾಗಿ ಉಂಟು. ಅಲ್ಲಿ ಪತ್ತೇದಾರರೂ ಇದ್ದರು, ಅಪರಾಧಿಗಳೂ ಇದ್ದಾರೆ. ಆದರೆ ಈ ನಿಜವಾದ ಕಥೆಯ ನೀತಿ ಕಾದಂಬರಿಯ ನೀತಿಗಿಂತ ಬೇರೆ. ಆ ಭೇದವನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಬೆಂಕಿಯಿಂದ ಬಂಡೆಯನ್ನು ಸೀಳಿದವರು

ಲಿಂಗಸೂಗೂರು ತಾಲ್ಲೂಕಿನ ಹಟ್ಟಿಯ ಹೆಸರು ಇಂದು ದೇಶಕ್ಕೆಲ್ಲ ಪರಿಚಿತ. 2001ರಲ್ಲಿ ಕೋಲಾರದ ಗಣಿಗಳು ಮುಚ್ಚಿದ ತರುವಾಯ, ಅದಿರಿನಿಂದ ಚಿನ್ನವನ್ನು ತೆಗೆಯುವ ಭಾರತದ ಪ್ರಮುಖ ಗಣಿಯೆಂದರೆ ಇದೇ. ಹೈದರಾಬಾದು ಸಂಸ್ಥಾನದ ಕಾಲದಲ್ಲಿ, 1947ರಲ್ಲಿ, ಸ್ಥಾಪಿತವಾದ ಕಂಪನಿಯು ರಾಜ್ಯಗಳ ಪುನರ್ವಿಂಗಡಣೆಯ ಬಳಿಕ ಕರ್ನಾಟಕದ ಪಾಲಿಗೆ ಬಂದು, ಈಗ ರಾಜ್ಯ ಸರ್ಕಾರದ ಉದ್ಯಮವಾಗಿ ನಡೆಯುತ್ತಿದೆ. ಪಾಳಿಯ ಮೇಲೆ ಪಾಳಿಯಂತೆ ಕಾರ್ಮಿಕರು ಶಾಫ್ಟಿನೊಳಗೆ ಇಳಿದು ತರುವ ಅದಿರು ಟನ್ನಿಗೆ ಕೆಲವೇ ಗ್ರಾಂ ಚಿನ್ನವನ್ನು ಕೊಡುತ್ತದೆಂದರೆ, ಈ ಲೋಹದ ಹಿಂದಿರುವ ದುಡಿಮೆಯ ಅಗಾಧತೆ ಓದುಗರಿಗೆ ವೇದ್ಯವಾದೀತು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಲ್ಲಿ ಗಣಿಗಾರಿಕೆಯನ್ನು ಕೈಗೊಂಡ ಎಂಜಿನಿಯರುಗಳಿಗೆ ಚಿನ್ನದ ಜಾಡನ್ನು ತೋರಿದ್ದು ಯಾವ ನಕಾಶೆಯೂ ಅಲ್ಲ. ನೆಲದ ಮೇಲೆ ಅದಾಗಲೇ ಇದ್ದ ಹಳೆಯ ಗುಂಡಿಗಳು, ತೋಡುಗಳು ಮತ್ತು ಕಲ್ಲುರಾಶಿಗಳು. ಅವನ್ನೇ ಹಿಡಿದು ಇಳಿಯುತ್ತ ಹೋದವರಿಗೆ, ಪ್ರಾಚೀನರು ತಮಗಿಂತ ಮೊದಲೇ ಸುಮಾರು 640 ಅಡಿ ಆಳದವರೆಗೆ ಹೋಗಿದ್ದರೆಂಬ ಸಂಗತಿ ತಿಳಿದುಬಂದಿತು. ಸಿಡಿಮದ್ದಿಲ್ಲ, ಯಂತ್ರವಿಲ್ಲ, ವಿದ್ಯುತ್ತಿಲ್ಲ. ಆದರೂ ಗಟ್ಟಿಯಾದ ಶಿಲೆಯ ನಡುವೆ, ಬೆಣಚುಕಲ್ಲಿನ ಎಳೆಯನ್ನು ತಪ್ಪದೆ ಅನುಸರಿಸಿ, ಅಷ್ಟು ಆಳಕ್ಕೆ ಮನುಷ್ಯರು ಇಳಿದಿದ್ದರು. ಹಳೆಯ ಗಣಿಯೊಳಗೆ ಉಳಿದುಬಂದ ಮರದ ತುಂಡುಗಳನ್ನು ಇಂಗಾಲ–14ರ ವಿಧಾನದಿಂದ ಪರೀಕ್ಷಿಸಿದಾಗ, ಅವು ಸುಮಾರು 2000 ವರ್ಷಗಳಷ್ಟು ಹಿಂದಿನವೆಂದು ಗೊತ್ತಾಯಿತು. ಜೀವಂತವಾದ ಮರವು ಗಾಳಿಯಿಂದ ಪಡೆದುಕೊಂಡ ಆ ಬಗೆಯ ಇಂಗಾಲವು, ಮರ ಸತ್ತೊಡನೆ ಕ್ಷಯಿಸತೊಡಗಿ, ಸುಮಾರು 5730 ವರ್ಷಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ಉಳಿದ ಪ್ರಮಾಣವನ್ನು ಅಳೆದರೆ ಮರವನ್ನು ಕಡಿದ ಕಾಲವನ್ನು ಲೆಕ್ಕಹಾಕಬಹುದು. ಸಾಕ್ಷಿ ನುಡಿಯಲು ಯಾರೂ ಉಳಿದಿಲ್ಲದ ಪ್ರಕರಣದಲ್ಲಿ ಒಂದು ಕಟ್ಟಿಗೆಯ ತುಂಡು ಸಾಕ್ಷಿ ನುಡಿಯಿತು.

ಆ ಕೆಲಸದ ರೀತಿಯನ್ನು ಒಂದಿಷ್ಟು ಹತ್ತಿರದಿಂದ ನೋಡುವುದು ಯುಕ್ತ. ಬಂಡೆಯ ಮುಖಕ್ಕೆ ಕಟ್ಟಿಗೆಯನ್ನು ಒಟ್ಟಿ ಬೆಂಕಿ ಹಚ್ಚುವರು. ಕಲ್ಲು ಕಾದು ಹಿಗ್ಗಿದ ಮೇಲೆ ನೀರನ್ನು ಎರಚುವರು. ಒಮ್ಮೆಲೇ ತಣಿದ ಶಿಲೆ ಬಿರುಕುಬಿಡುವುದು. ಆ ಬಿರುಕಿಗೆ ಉಳಿಯಿಟ್ಟು ಹೊಡೆದು ತುಂಡುಗಳನ್ನು ಕಳಚುವರು. ಇಕ್ಕಟ್ಟಾದ ಸುರಂಗದಲ್ಲಿ ಹೊಗೆ ಹೊರಹೋಗುವುದನ್ನು ಕಾಯಬೇಕು, ಊರಿದ ನೀರನ್ನು ಮೇಲೆತ್ತಬೇಕು, ಕಟ್ಟಿಗೆಯನ್ನು ಕೆಳಗಿಳಿಸಬೇಕು, ಅದಿರನ್ನು ಮೇಲಕ್ಕೆ ಸಾಗಿಸಬೇಕು. ಮೇಲೆ ಬಂದ ಅದಿರನ್ನು ಬಂಡೆಯ ಮೇಲೆ ಭಾರವಾದ ಗುಂಡುಕಲ್ಲುಗಳಿಂದ ಕುಟ್ಟಿ ಅರೆಯುವರು. ಹಾಗೆ ಅರೆದು ಅರೆದು ಒರಳಿನಂತೆ ಕುಳಿಬಿದ್ದ ಬಂಡೆಗಳು ಈ ಪ್ರದೇಶದಲ್ಲಿ ದೊರೆತಿವೆ. ಕೊನೆಗೆ ಆ ಹಿಟ್ಟನ್ನು ನೀರಿನಲ್ಲಿ ತೊಳೆದು, ತಳದಲ್ಲಿ ನಿಂತ ಹೊನ್ನಿನ ಕಣಗಳನ್ನು ಬೇರ್ಪಡಿಸುವರು. ಗದಗ ಜಿಲ್ಲೆಯ ಕಪ್ಪತಗುಡ್ಡದ ಹಳ್ಳಗಳಲ್ಲಿ ಮರಳನ್ನು ತೊಳೆದು ಚಿನ್ನ ಹೆಕ್ಕುತ್ತಿದ್ದ ಜಾಲಗಾರರು ಈ ವಿದ್ಯೆಯ ಕೊನೆಯ ತುದಿಯನ್ನು ಈಚಿನ ಕಾಲದವರೆಗೂ ಉಳಿಸಿಕೊಂಡು ಬಂದಿದ್ದರು.

ಸಾಹಸಕಥೆಯಲ್ಲಿ ಚಿನ್ನವು ಕೊಪ್ಪರಿಗೆಗಳಲ್ಲಿ ತುಂಬಿ ಕಾದಿರುತ್ತದೆ. ನಾಯಕನು ಬಾಗಿಲು ತೆರೆದರೆ ಸಾಕು. ಹಟ್ಟಿಯ ನೆಲವು ಹೇಳುವ ಮಾತು ಇದಕ್ಕೆ ವಿರುದ್ಧವಾದದ್ದು. ಇಲ್ಲಿ ಒಂದು ಗುಲಗಂಜಿ ತೂಕದ ಹೊನ್ನಿಗೂ ಹೊಗೆಯಲ್ಲಿ ಉಸಿರುಗಟ್ಟಿದ ಮನುಷ್ಯನೊಬ್ಬನ ಬೆವರಿನ ಲೆಕ್ಕವುಂಟು. ಅವರ ಹೆಸರನ್ನು ಯಾವ ಶಾಸನವೂ ಬರೆದಿಡಲಿಲ್ಲವೆಂಬುದರಿಂದ ಅವರ ಬುದ್ಧಿಶಕ್ತಿಗೆ ಕುಂದೇನೂ ಇಲ್ಲ.

ಕೌಟಿಲ್ಯನು ಹೇಳಿದ ಪತ್ತೇದಾರಿಕೆ

ಕುರುಹುಗಳಿಂದ ಗತಕಾಲವನ್ನು ಓದುವ ಶಾಸ್ತ್ರವು ಪಶ್ಚಿಮದಿಂದ ಬಂದುದೆಂದು ತಿಳಿಯುವವರು ‘ಅರ್ಥಶಾಸ್ತ್ರ’ದ ಆಕರಾಧ್ಯಕ್ಷನ ಪ್ರಕರಣವನ್ನು ಅವಶ್ಯವಾಗಿ ನೋಡಬೇಕು. ಗಣಿಗಳ ಮೇಲ್ವಿಚಾರಕನಾದವನು ಒಂದು ಸ್ಥಳದಲ್ಲಿ ಹಿಂದೆ ಗಣಿಯಿತ್ತೇ ಇಲ್ಲವೇ ಎಂಬುದನ್ನು ಅಲ್ಲಿ ಬಿದ್ದಿರುವ ಕಿಟ್ಟ, ಮೂಸೆ, ಇದ್ದಿಲು, ಬೂದಿ ಇವುಗಳ ಲಕ್ಷಣದಿಂದ ನಿರ್ಣಯಿಸಬೇಕೆಂದು ಆ ಗ್ರಂಥವು ವಿಧಿಸುತ್ತದೆ. ಶತಮಾನಗಳ ಬಳಿಕ ಹಟ್ಟಿಗೆ ಬಂದ ಭೂವಿಜ್ಞಾನಿಗಳು ಮಾಡಿದ್ದೂ ಇದನ್ನೇ. ಈ ಗ್ರಂಥವೂ ಒಂದು ಕಾಲದಲ್ಲಿ ಕಳೆದುಹೋಗಿತ್ತಷ್ಟೆ. ಹೆಸರು ಮಾತ್ರ ಉಳಿದು ಮೂಲವು ಕಾಣೆಯಾಗಿದ್ದ ಅದನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಯ ತಾಳೆಗರಿಗಳಲ್ಲಿ ಗುರುತಿಸಿ, 1909ರಲ್ಲಿ ಅಚ್ಚಿನ ರೂಪದಲ್ಲಿ ಲೋಕಕ್ಕೆ ಕೊಟ್ಟವರು ಕನ್ನಡನಾಡಿನ ವಿದ್ವಾಂಸರಾದ ಆರ್. ಶಾಮಶಾಸ್ತ್ರಿಗಳು. ಪುಸ್ತಕಭಂಡಾರದ ಮೂಲೆಯಲ್ಲಿ ಕುಳಿತು ಗರಿಯಿಂದ ಗರಿಗೆ ಕಣ್ಣಾಡಿಸಿದ ಆ ಪಂಡಿತರ ಸಾಹಸ, ಗುಹೆಯಲ್ಲಿ ಪಂಜು ಹಿಡಿದು ನುಗ್ಗುವ ಯಾವ ಕಥಾನಾಯಕನ ಸಾಹಸಕ್ಕೂ ಕಡಿಮೆಯದಲ್ಲ.

ಎರಡು ಹೆಸರುಗಳ ಅರಸ

ಹಟ್ಟಿಯಿಂದ ದಕ್ಷಿಣಕ್ಕೆ, ಅದೇ ಹೊನ್ನಿನ ಶಿಲಾಪಟ್ಟಿಯಲ್ಲಿ, ಮಸ್ಕಿ ಇದೆ. ಭೂವಿಜ್ಞಾನಿಗಳು ಈ ಪಟ್ಟಿಯನ್ನು ಎರಡೂ ಊರುಗಳ ಹೆಸರಿನಿಂದಲೇ ಕರೆಯುತ್ತಾರೆ. ಮಲ್ಲಿಕಾರ್ಜುನನ ಗುಡಿಯಿಂದ ಭಕ್ತರಿಗೆ ಪೂಜ್ಯವಾದ ಈ ಊರು ಇತಿಹಾಸದ ಅತ್ಯಂತ ರೋಚಕವಾದ ಒಂದು ಪತ್ತೇದಾರಿ ಪ್ರಕರಣಕ್ಕೆ ಮುಕ್ತಾಯವನ್ನು ಹಾಡಿತು.

ಪ್ರಕರಣದ ಆರಂಭ 1837ರಲ್ಲಿ. ಕಲ್ಕತ್ತೆಯಲ್ಲಿ ಜೇಮ್ಸ್ ಪ್ರಿನ್ಸೆಪ್ ಎಂಬಾತನು ಶತಮಾನಗಳಿಂದ ಯಾರಿಗೂ ಓದಲಾಗದಿದ್ದ ಬ್ರಾಹ್ಮೀ ಲಿಪಿಯ ಗುಟ್ಟನ್ನು ಬಿಡಿಸಿದಾಗ, ಕಂಬಗಳ ಮೇಲೂ ಬಂಡೆಗಳ ಮೇಲೂ ಮಾತನಾಡುತ್ತಿದ್ದ ಅರಸನೊಬ್ಬನು ಪ್ರಕಟನಾದನು. ಆದರೆ ಆತನು ತನ್ನನ್ನು ದೇವಾನಾಂಪ್ರಿಯನೆಂದೂ ಪ್ರಿಯದರ್ಶಿಯೆಂದೂ ಹೇಳಿಕೊಳ್ಳುತ್ತಿದ್ದನೇ ಹೊರತು ನಿಜನಾಮವನ್ನು ತಿಳಿಸುತ್ತಿರಲಿಲ್ಲ. ಪ್ರಿನ್ಸೆಪನಿಗೆ ಮೊದಲು ಹೊಳೆದ ಊಹೆ ಸಿಂಹಳದ ಅರಸನೊಬ್ಬನ ಕಡೆಗೆ ತಿರುಗಿತು. ಅಷ್ಟರಲ್ಲಿ ಸಿಂಹಳದಲ್ಲಿಯೇ ಅಧಿಕಾರಿಯಾಗಿದ್ದ ಜಾರ್ಜ್ ಟರ್ನರ್, ಪಾಲಿ ಭಾಷೆಯ ‘ದೀಪವಂಸ’ದಲ್ಲಿ ಪ್ರಿಯದರ್ಶಿಯೆಂಬುದು ಮೌರ್ಯ ಅಶೋಕನ ಬಿರುದೆಂಬುದನ್ನು ಕಂಡು, ಆ ಊಹೆಯನ್ನು ತಿದ್ದಿದನು. ವಿದ್ವಾಂಸರು ಇದನ್ನು ಒಪ್ಪಿಕೊಂಡರು. ಆದಾಗ್ಯೂ ಅರಸನ ಶಾಸನಗಳಲ್ಲಿ ಒಂದಾದರೂ ಅವನ ಹೆಸರನ್ನು ಸ್ವತಃ ಉಚ್ಚರಿಸುವವರೆಗೆ, ಆ ನಿರ್ಣಯವು ಸಿಂಹಳದ ಗ್ರಂಥದ ಬೆಂಬಲದ ಮೇಲೆ ನಿಂತ ಅನುಮಾನವಾಗಿಯೇ ಉಳಿದಿತ್ತು.

ಇಪ್ಪತ್ತು ವರ್ಷ ಕಳೆದವು, ನಲವತ್ತು ಕಳೆದವು, ಉತ್ತರದಲ್ಲಿ, ಪಶ್ಚಿಮದಲ್ಲಿ, ಒರಿಸ್ಸದಲ್ಲಿ ಶಾಸನಗಳು ದೊರೆಯುತ್ತ ಹೋದವು, 1892ರಲ್ಲಿ ಬಿ.ಎಲ್. ರೈಸ್ ಅವರು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಶಾಸನಗಳನ್ನು ಬೆಳಕಿಗೆ ತಂದಾಗ ಮೌರ್ಯರ ಆಳ್ವಿಕೆ ಕನ್ನಡನಾಡಿನವರೆಗೂ ಹಬ್ಬಿದ್ದುದು ನಿಶ್ಚಯವಾಯಿತು. ಅಲ್ಲಿಯೂ ಹೆಸರಿಲ್ಲ. ಕೊನೆಗೆ 1915ರ ಜನವರಿ 27ರಂದು, ನಿಜಾಮರ ಸೀಮೆಯಲ್ಲಿ ಚಿನ್ನವನ್ನು ಅರಸುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರನು ಮಸ್ಕಿಯ ಗುಡ್ಡದ ಬಂಡೆಯ ಮೇಲೆ ಅಕ್ಷರಗಳನ್ನು ಕಂಡನು. ಸರ್ಕಾರದ ಶಾಸನತಜ್ಞರಾದ ರಾವ್ ಸಾಹೇಬ್ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿದರು. ಮೊದಲ ಸಾಲಿನಲ್ಲಿಯೇ, ದೇವಾನಾಂಪ್ರಿಯನೆಂಬ ಬಿರುದಿನ ಬೆನ್ನಿಗೆ, ಷಷ್ಠೀವಿಭಕ್ತಿಯಲ್ಲಿ, ‘ಅಸೋಕಸ’ ಎಂದಿತ್ತು. ಎಪ್ಪತ್ತೆಂಟು ವರ್ಷ ಹಳೆಯದಾದ ಪ್ರಕರಣದಲ್ಲಿ ಅರಸನೇ ಎದ್ದುನಿಂತು ಸಾಕ್ಷ್ಯವಿತ್ತಂತಾಯಿತು. ಹೈದರಾಬಾದಿನ ಪುರಾತತ್ತ್ವ ಗ್ರಂಥಮಾಲೆಯ ಮೊದಲನೆಯ ಪುಸ್ತಕವಾಗಿ ಆ ವರ್ಷವೇ ಈ ಶಾಸನವು ಪ್ರಕಟವಾಯಿತು. ಮುಂದೆ ಮಧ್ಯಪ್ರದೇಶದ ಗುಜರ್ರಾ, ಬಳ್ಳಾರಿ ಸೀಮೆಯ ನಿಟ್ಟೂರು ಮತ್ತು ಉದೇಗೋಳಂ ಶಾಸನಗಳಲ್ಲಿಯೂ ಅಶೋಕನ ಹೆಸರು ದೊರೆಯಿತಾದರೂ, ಮೊದಲು ನುಡಿದ ಕೀರ್ತಿ ಮಸ್ಕಿಯದೇ.

ಚಿನ್ನವನ್ನು ಹುಡುಕುತ್ತ ಹೋದವನಿಗೆ ಅಶೋಕನು ದೊರೆತುದು ಕೇವಲ ಆಕಸ್ಮಿಕವೆನ್ನಲಾಗದು. ಬ್ರಹ್ಮಗಿರಿಯ ಶಾಸನವು ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನ ಆಜ್ಞೆಯಿಂದ ಹೊರಟುದು; ಆ ಸುವರ್ಣಗಿರಿ ಮಸ್ಕಿಯೆಂದು ಕೆಲವರು, ಕನಕಗಿರಿಯೆಂದು ಕೆಲವರು, ಆಂಧ್ರದ ಜೊನ್ನಗಿರಿಯೆಂದು ಮತ್ತೆ ಕೆಲವರು ವಾದಿಸಿದ್ದಾರೆ. ಮೌರ್ಯರನ್ನು ಇಷ್ಟು ದೂರ ಸೆಳೆದುದರಲ್ಲಿ ಈ ನೆಲದ ಹೊನ್ನಿನ ಪಾಲೂ ಇದ್ದಿರಬೇಕೆಂಬುದು ವಿದ್ವಾಂಸರ ಯುಕ್ತವಾದ ಊಹೆ. ಆದರೆ ಬಂಡೆಯ ಮೇಲೆ ಅರಸನು ಬರೆಸಿದುದು ಹೊನ್ನಿನ ವಿಚಾರವಲ್ಲ; ಉನ್ನತವಾದ ಪದವಿಯು ದೊಡ್ಡವರಿಗೆ ಮಾತ್ರ ಮೀಸಲಲ್ಲ, ಧರ್ಮದಲ್ಲಿ ನಿರತನಾದ ಸಣ್ಣವನೂ ಅದನ್ನು ಪಡೆಯಬಲ್ಲನೆಂಬ ಉಪದೇಶ. ಗಣಿಯಲ್ಲಿ ದುಡಿಯುವ ಅನಾಮಿಕರ ನಾಡಿನಲ್ಲಿ ಈ ಮಾತನ್ನು ಕೆತ್ತಿಸಿದ್ದು ಎಷ್ಟು ಸಾರ್ಥಕ!

ಕಳೆದುಹೋದದ್ದು ಯಾವುದು?

ಮರೆತುಹೋದ ನಾಗರಿಕತೆ ಎಂದೊಡನೆ, ಒಂದು ರಾತ್ರಿಯಲ್ಲಿ ಮುಳುಗಿಹೋದ ನಗರವನ್ನು ನಮ್ಮ ಮನಸ್ಸು ಕಲ್ಪಿಸಿಕೊಳ್ಳುತ್ತದೆ. ಮಸ್ಕಿಯಲ್ಲಿ ಅಂಥದೇನೂ ನಡೆಯಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿಯೇ ರಾಬರ್ಟ್ ಬ್ರೂಸ್ ಫೂಟ್ ಈ ನೆಲೆಯನ್ನು ಗುರುತಿಸಿದ್ದನು, 1954ರಲ್ಲಿ ಬಿ.ಕೆ. ಥಾಪರ್ ಅವರು ನಡೆಸಿದ ಉತ್ಖನನದಲ್ಲಿ ನವಶಿಲಾ ತಾಮ್ರಯುಗದ ಜನ, ಅವರ ಮೇಲಣ ಪದರದಲ್ಲಿ ಬೃಹತ್ ಶಿಲಾಗೋರಿಗಳ ಕಾಲದವರು, ಆ ಮೇಲೆ ಇತಿಹಾಸಕಾಲದ ಆರಂಭದವರು, ಕೊನೆಗೆ ಮಧ್ಯಯುಗದವರು, ಹೀಗೆ ಒಂದರ ಮೇಲೊಂದು ವಸತಿಯ ಸ್ತರಗಳು ಕಂಡುಬಂದವು. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯ ಜಯಸಿಂಹನೊಡನೆ ರಾಜೇಂದ್ರ ಚೋಳನು ಕಾದಾಡಿದ ಮುಸಂಗಿಯೂ ಈ ಮಸ್ಕಿಯೇ ಎಂದು ಇತಿಹಾಸಜ್ಞರು ಹೇಳುತ್ತಾರೆ. ಇಂದಿಗೂ ಊರು ಅಲ್ಲಿಯೇ ಇದೆ, ಜನರು ಅಲ್ಲಿಯೇ ಬಾಳುತ್ತಿದ್ದಾರೆ. ನಾಗರಿಕತೆ ಅಲ್ಲಿ ಕಳೆದುಹೋಗಲಿಲ್ಲ. ಕಳೆದುಹೋದದ್ದು ನಮ್ಮ ನೆನಪು.

ನೆನಪು ಕಳೆದೆಡೆಯಲ್ಲಿ ಕಟ್ಟುಕಥೆ ಬೆಳೆಯುವುದು ಸಹಜ. ಬಳ್ಳಾರಿ, ರಾಯಚೂರು ಸೀಮೆಗಳ ಬೂದಿಗುಡ್ಡಗಳನ್ನೇ ನೋಡಿರಿ. ಅವುಗಳಲ್ಲೊಂದು ವಾಲಿಯನ್ನು ಸುಟ್ಟ ಬೂದಿಯೆಂದೂ, ಇನ್ನು ಕೆಲವು ರಾಕ್ಷಸರ ಚಿತೆಯೆಂದೂ ಜನರು ಹೇಳಿಕೊಂಡು ಬಂದರು. ಫೂಟನು ಅದು ಸುಟ್ಟ ಸಗಣಿಯ ಬೂದಿಯೆಂದು ವಾದಿಸಿದನು. ಲಿಂಗಸೂಗೂರು ತಾಲ್ಲೂಕಿನ ಪಿಕ್ಲಿಹಾಳದಲ್ಲಿ 1952ರಲ್ಲಿ ಉತ್ಖನನ ನಡೆಸಿದ ರೇಮಂಡ್ ಆಲ್ಚಿನ್, ಅನಂತರ ತೆಲುಗು ಸೀಮೆಯ ಉಟ್ನೂರಿನ ಬೂದಿಗುಡ್ಡವನ್ನು ಅಗೆದು, ಅವು ನವಶಿಲಾಯುಗದ ದನಗಾಹಿಗಳ ದೊಡ್ಡಿಗಳೆಂದೂ, ವರ್ಷವರ್ಷವೂ ಕೂಡಿದ ಸಗಣಿಯನ್ನು ಸುಟ್ಟುದರಿಂದ ಆದವೆಂದೂ ತೋರಿಸಿದನು. ರಾಕ್ಷಸರ ಕಥೆ ಹೋಗಿ ದನಕಾಯುವವನ ಕಥೆ ಬಂದಿತೆಂದು ವಿಷಾದಿಸಬೇಕಾದ ಕಾರಣವಿಲ್ಲ. ನಾಲ್ಕು ಸಾವಿರ ವರ್ಷಗಳ ಹಿಂದೆ ಇದೇ ಕಾವಲಿನಲ್ಲಿ ಇದೇ ಬಿಸಿಲಿನಲ್ಲಿ ದನ ಮೇಯಿಸಿದವನು ನಮಗೆ ರಾಕ್ಷಸನಿಗಿಂತ ಹತ್ತಿರದವನು. ಪುರಾತತ್ತ್ವದ ಪತ್ತೇದಾರಿಕೆ ನಮಗೆ ಮಾಡಿಕೊಟ್ಟ ಉಪಕಾರ ಇದೇ: ಅದ್ಭುತವನ್ನು ಹೊರಗಿನಿಂದ ಬಂದವರಿಗೆ ಒಪ್ಪಿಸದೆ, ಈ ಮಣ್ಣಿನ ಶ್ರಮಜೀವಿಗಳಿಗೆ ಹಿಂದಿರುಗಿಸಿತು.

ಇಂದಿನ ಅಪರಾಧ

ಹಾಗಾದರೆ ಈ ಕಥೆಯಲ್ಲಿ ದುಷ್ಟಕೂಟ ಯಾವುದು? ಕರ್ನಾಟಕದ ಪತ್ರಿಕೆಗಳನ್ನು ಓದುವವರಿಗೆ ಅದರ ಪರಿಚಯವನ್ನು ಮಾಡಿಕೊಡಬೇಕಾಗಿಲ್ಲ. ಅಮಾವಾಸ್ಯೆಯ ರಾತ್ರಿ ಹಾಳುಗುಡಿಗೆ ಬಂದು, ನಿಂಬೆಹಣ್ಣು ಕುಂಕುಮಗಳ ಪೂಜೆ ಮಾಡಿ, ನಂದಿಯ ವಿಗ್ರಹವನ್ನು ಒಡೆದು, ಗರ್ಭಗುಡಿಯ ನೆಲವನ್ನು ಅಗೆದುಹೋಗುವ ನಿಧಿಗಳ್ಳರೇ ಅವರು. 2019ರ ಜುಲೈ ತಿಂಗಳಲ್ಲಿ, ನೆರೆಯ ಕೊಪ್ಪಳ ಜಿಲ್ಲೆಯ ಆನೆಗೊಂದಿಯ ಬಳಿ, ತುಂಗಭದ್ರೆಯ ನಡುಗಡ್ಡೆಯಾದ ನವವೃಂದಾವನದಲ್ಲಿ ವ್ಯಾಸರಾಜತೀರ್ಥರ ವೃಂದಾವನವನ್ನು ನಿಧಿಯಾಸೆಗೆ ಒಡೆದು ಹಾಕಿದಾಗ ನಾಡೆಲ್ಲ ತಲ್ಲಣಿಸಿತು. ಕೆಲವೇ ದಿನಗಳಲ್ಲಿ ಪೊಲೀಸರು ಆರೋಪಿಗಳನ್ನು ಬಂಧಿಸಿದರು. ಭಕ್ತರು ವೃಂದಾವನವನ್ನು ಮತ್ತೆ ಕಟ್ಟಿ ನಿಲ್ಲಿಸಿದರು. ಅಷ್ಟು ಪ್ರಸಿದ್ಧವಾದ ಸ್ಥಳಕ್ಕೆ ದೊರೆತ ಈ ರಕ್ಷಣೆ ಹೊಲದ ಬದುವಿನ ವೀರಗಲ್ಲಿಗೆ, ಊರಾಚೆಯ ಶಿಲಾಗೋರಿಗೆ ದೊರೆಯುವುದೆಂದು ನಂಬುವುದು ಕಷ್ಟ.

ನಿಧಿಗಳ್ಳನು ಮಾಡುವ ಹಾನಿ ಒಂದು ವಿಗ್ರಹಕ್ಕೆ ಸೀಮಿತವಾದುದಲ್ಲವೆಂಬುದನ್ನು ಓದುಗರು ಮನಗಾಣಬೇಕು. ಮಣಿಯೊಂದು ಯಾವ ಪದರದಲ್ಲಿ, ಯಾವ ಮಡಕೆಯ ಪಕ್ಕದಲ್ಲಿ, ಯಾವ ಇದ್ದಿಲಿನೊಡನೆ ಇತ್ತೆಂಬುದರಿಂದಲೇ ಅದು ಸಾಕ್ಷಿಯಾಗುತ್ತದೆ. ಮಣ್ಣನ್ನು ಬಗೆದು ಕಲಸಿದ ಮೇಲೆ ಅದು ಬರಿಯ ಮಣಿ. ಕೊಲೆ ನಡೆದ ಸ್ಥಳದಲ್ಲಿ ಒಂದು ಕೂದಲೆಳೆಯನ್ನೂ ಕದಲಿಸಬಾರದೆಂಬ ನಿಯಮವನ್ನು ಪತ್ತೇದಾರಿ ಕಾದಂಬರಿಗಳಿಂದ ಕಲಿತ ನಾವು, ಪ್ರಾಚೀನ ನೆಲೆಯ ವಿಷಯದಲ್ಲಿ ಅದನ್ನು ಮರೆಯುತ್ತೇವೆ. ಹಾನಿ ಮಾಡುವವರು ಕಳ್ಳರಷ್ಟೇ ಅಲ್ಲ: ಹೊಲವನ್ನು ಸಮಮಾಡುವ ಜೆಸಿಬಿ, ಗುಡ್ಡವನ್ನು ಕರಗಿಸುವ ಕಲ್ಲುಕ್ವಾರಿ, ಗೊಬ್ಬರಕ್ಕೆಂದು ಬೂದಿಗುಡ್ಡವನ್ನು ಹೊತ್ತೊಯ್ಯುವ ಬಂಡಿ ಇವೂ ಅದೇ ಕೆಲಸವನ್ನು ಹಗಲಿನಲ್ಲಿ ಮಾಡುತ್ತಿವೆ. ಹೊಸ ಗಣಿಗಾರಿಕೆ ವಿಸ್ತರಿಸಿದಂತೆಲ್ಲ ಹಳೆಯ ತೋಡುಗಳು ಅಳಿಯುವುದು ಅನಿವಾರ್ಯವಾಗಬಹುದು. ಅಳಿಯುವ ಮುನ್ನ ಅವನ್ನು ಅಳೆದು, ಚಿತ್ರಿಸಿ, ದಾಖಲಿಸಿಡುವುದು ಮಾತ್ರ ಅಸಾಧ್ಯವೇನಲ್ಲ.

ಕಾನೂನು ಇಲ್ಲವೆಂದಲ್ಲ. ನೆಲದಲ್ಲಿ ದೊರೆತ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂಬ ಶಾಸನವು 1878ರಷ್ಟು ಹಳೆಯದು. ರಾಷ್ಟ್ರೀಯ ಮಹತ್ತ್ವದ ಸ್ಮಾರಕಗಳಿಗೆ 1958ರ ಕಾಯಿದೆಯೂ, ರಾಜ್ಯದ ಸ್ಮಾರಕಗಳಿಗೆ 1961ರ ಕಾಯಿದೆಯೂ, ಪ್ರಾಚೀನ ವಸ್ತುಗಳ ಮಾರಾಟಕ್ಕೆ 1972ರ ಕಾಯಿದೆಯೂ ಇವೆ. ಆದರೆ ದೋಆಬಿನ ಪ್ರತಿಯೊಂದು ಗುಡ್ಡಕ್ಕೂ ಕಾವಲುಗಾರನನ್ನು ನೇಮಿಸಲು ಯಾವ ಸರ್ಕಾರದಿಂದಲೂ ಆಗದು. ಆ ಕಾವಲು ಊರವರದೇ ಆಗಬೇಕು.

ಆದುದರಿಂದ ಹಟ್ಟಿ, ಲಿಂಗಸೂಗೂರು, ಮಸ್ಕಿ, ಸಿಂಧನೂರು ಸೀಮೆಯ ಓದುಗರಲ್ಲಿ ನನ್ನ ವಿಜ್ಞಾಪನೆ ಇಷ್ಟು. ಹೊಲದಲ್ಲಿ ಅಕ್ಷರವಿರುವ ಕಲ್ಲು, ಕುಳಿಬಿದ್ದ ಬಂಡೆ, ಬೂದಿಯ ದಿಬ್ಬ, ಹಳೆಯ ತೋಡು ಕಣ್ಣಿಗೆ ಬಿದ್ದರೆ ಅದನ್ನು ಕದಲಿಸಬೇಡಿ. ಇದ್ದಲ್ಲಿಯೇ ಒಂದು ಚಿತ್ರ ತೆಗೆದು, ತಹಶೀಲ್ದಾರರ ಕಚೇರಿಗೋ ಪುರಾತತ್ತ್ವ ಇಲಾಖೆಗೋ ಹತ್ತಿರದ ಕಾಲೇಜಿನ ಇತಿಹಾಸದ ಅಧ್ಯಾಪಕರಿಗೋ ತಿಳಿಸಿ. ರಾತ್ರಿ ಗುಡಿಯ ಬಳಿ ಹಾರೆ ಸದ್ದು ಕೇಳಿದರೆ ಪೊಲೀಸರನ್ನು ಕರೆಯಿರಿ. ಶಾಲೆಯ ಮಕ್ಕಳನ್ನು ವರ್ಷಕ್ಕೊಮ್ಮೆಯಾದರೂ ಮಸ್ಕಿಯ ಬಂಡೆಯ ಮುಂದೆ ನಿಲ್ಲಿಸಿ, ‘ಅಸೋಕಸ’ ಎಂಬ ಆ ನಾಲ್ಕು ಅಕ್ಷರಗಳು ಭಾರತದ ಇತಿಹಾಸಕ್ಕೆ ಏನನ್ನು ಕೊಟ್ಟವೆಂಬುದನ್ನು ಹೇಳಿಕೊಡಿ. ಸಾಹಸಕಥೆ ಬರೆಯುವ ತರುಣರು ಈ ನೆಲವನ್ನು ತಮ್ಮ ಕಥೆಗೆ ಧಾರಾಳವಾಗಿ ತಂದುಕೊಳ್ಳಲಿ. ಆದರೆ ಅವರ ನಾಯಕನು ಚಿನ್ನವನ್ನು ಹೊತ್ತು ಓಡುವವನಾಗದೆ, ಕುರುಹನ್ನು ಕಾಯುವವನಾಗಲಿ. ಹಟ್ಟಿಯ ಚಿನ್ನವನ್ನು ಕಂಪನಿಯು ತೆಗೆಯುತ್ತದೆ, ಅದರ ಬೆಲೆಯನ್ನು ಪೇಟೆಯು ನಿರ್ಧರಿಸುತ್ತದೆ. ಆ ಚಿನ್ನಕ್ಕಾಗಿ ಬಂಡೆಯನ್ನು ಸೀಳಿದವರ ಗುರುತನ್ನು ಉಳಿಸುವ ಹೊಣೆ ಮಾತ್ರ ನಮ್ಮೆಲ್ಲರದು.